ನಾಲ್ಕು ತಂತಿವಾದ್ಯಗಳಲ್ಲಿ ಒಂದು ಊರು

ಎರಡು ಪಿಟೀಲು, ಒಂದು ವಯೋಲ, ಒಂದು ಚೆಲ್ಲೊ—ಈ ನಾಲ್ಕರ ಮೇಳವನ್ನು ಪಾಶ್ಚಾತ್ಯ ರಸಿಕರು ಹೈಡನ್ನನ ಕಾಲದಿಂದಲೂ ಗಂಭೀರವಾದ ಭಾವಕ್ಕೆ ತಕ್ಕ ವಾಹನವೆಂದು ಮನ್ನಿಸುತ್ತ ಬಂದಿದ್ದಾರೆ. ಅಂತಹ ಮರ್ಯಾದೆಯ ಚಾವಡಿಗೆ ಬೀದಿಯ ಕುಣಿತವನ್ನೂ ರೈಲುಗಾಡಿಯ ಕೂಗನ್ನೂ ಕರೆತಂದರೆ ಶೋಭಿಸೀತೆ? ಅಮೆರಿಕದ ವಿಂಟನ್ ಮಾರ್ಸಾಲಿಸರ ‘ಆ್ಯಟ್ ದಿ ಆಕ್ಟರೂನ್ ಬಾಲ್ಸ್’ (1995) ಎಂಬ ಏಳು ಭಾಗಗಳ ಕೃತಿಯನ್ನು ಕೇಳಿದವರಿಗೆ ಈ ಸಂದೇಹ ಬಾರದಿರದು.

ಮಾರ್ಸಾಲಿಸರು 1961ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಜನಿಸಿದವರು. ಟ್ರಂಪೆಟ್ ವಾದನದಲ್ಲಿ ಜಗತ್ಪ್ರಸಿದ್ಧರು. ಜಾಜ್ ಮತ್ತು ಯೂರೋಪಿನ ಶಾಸ್ತ್ರೀಯ ಸಂಗೀತ ಎರಡರಲ್ಲಿಯೂ ನುರಿತವರು. ಇದು ಅವರ ಮೊದಲನೆಯ ತಂತಿವಾದ್ಯ ಚತುಷ್ಟಯ. ಓರಿಯನ್ ಚತುಷ್ಟಯದವರು ಇದನ್ನು ಧ್ವನಿಮುದ್ರಿಸಿದ್ದಾರೆ.

ಕೃತಿಯ ಹೆಸರಿನಲ್ಲಿಯೇ ಅದರ ವಸ್ತುವಿದೆ. 19ನೆಯ ಶತಮಾನದ ನ್ಯೂ ಆರ್ಲಿಯನ್ಸಿನಲ್ಲಿ ಸಿರಿವಂತರಾದ ಬಿಳಿಯ ಗಂಡಸರು ಮಿಶ್ರವಂಶದ ಹೆಂಗಸರನ್ನು ಸಂಧಿಸುತ್ತಿದ್ದ ನೃತ್ಯಕೂಟಗಳವು. ಎಂಟರಲ್ಲಿ ಒಂದು ಪಾಲು ಆಫ್ರಿಕದ ವಂಶವುಳ್ಳವರಿಗೆ ‘ಆಕ್ಟರೂನ್’ ಎಂಬ ಹೆಸರು. ಕುಣಿಯಲು ಅಡ್ಡಿಯಿರಲಿಲ್ಲ, ಮದುವೆಗೆ ಕಾನೂನಿನ ಅಡ್ಡಿಯಿತ್ತು. ಬೆರಕೆಯೇ ಈ ಕೃತಿಯ ಕಥೆಯಾಗಿರುವಾಗ ಶೈಲಿಗಳ ಬೆರಕೆಯನ್ನು ಅನೌಚಿತ್ಯವೆನ್ನುವುದು ಹೇಗೆ?

ಮೊದಲಲ್ಲಿ ಪಿಟೀಲೊಂದೇ ಬಹಳ ಹೊತ್ತು ನುಡಿಯುತ್ತದೆ. ಹಳ್ಳಿಯ ಪಿಟೀಲುಗಾರನೊಬ್ಬನು ಜನರನ್ನು ಕರೆದಂತಿದೆ. ಬಳಿಕ ಬ್ಲೂಸ್ ಬರುತ್ತದೆ, ಕ್ರಿಯೋಲರ ಕುಣಿತ ಬರುತ್ತದೆ. ಐದನೆಯ ಭಾಗದಲ್ಲಿ ನರಕಕ್ಕೆ ಹೊರಟ ರೈಲುಗಾಡಿ ಓಡುತ್ತದೆ. ಚಕ್ರದ ಸದ್ದನ್ನೂ ಕೂಗನ್ನೂ ತಂತಿಗಳೇ ಹುಟ್ಟಿಸುವ ಚಮತ್ಕಾರ ಮೆಚ್ಚತಕ್ಕದ್ದೇ. ಆದರೆ ಇಲ್ಲಿ ಅನುಕರಣೆ ಅತಿಯಾಗಿ, ರಸವು ಕೌತುಕಕ್ಕೆ ಎಡೆಗೊಟ್ಟಿದೆಯೆಂದು ನಮಗೆ ತೋರುತ್ತದೆ.

ಕೃತಿಯ ಜೀವವಿರುವುದು ನಡುವಣ ನಾಲ್ಕನೆಯ ಭಾಗದಲ್ಲಿ. ‘ಮೆನಿ ಗಾನ್’—ಹೋದವರು ಅನೇಕರು. ಇದು ಮೆಲ್ಲಗೆ ನಡೆಯುವ ಶೋಕಗೀತ. ಸುತ್ತಲೂ ಕುಣಿತ, ನಟ್ಟನಡುವೆ ಈ ಅಳಲು: ಇದನ್ನು ಕೇಳಿದ ಮೇಲೆ ಹಿಂದಿನ ಬೆಡಗು ಮೊದಲಿನಂತೆ ಉಳಿಯುವುದಿಲ್ಲ. ಆ ಕೂಟಗಳ ಸೊಬಗನ್ನು ಹಾಡಿ ಅಲ್ಲಿಯ ಅನ್ಯಾಯವನ್ನು ಮರೆಸಿದ್ದರೆ ಕೃತಿ ಬರಿಯ ಅಲಂಕಾರವಾಗುತ್ತಿತ್ತು. ಕೊನೆಯ ಭಾಗದ ರ‍್ಯಾಗ್‌ಟೈಮ್ ನಗುನಗುತ್ತ ಬಂದರೂ ನಮ್ಮ ಕಿವಿಯಲ್ಲಿ ಆ ಶೋಕ ನಿಂತಿರುತ್ತದೆ.

ರಾಗಮಾಲಿಕೆಯಲ್ಲಿ ರಾಗಗಳು ಹಲವಾದರೂ ಭಾವದ ಸೂತ್ರ ಹರಿಯಬಾರದಷ್ಟೆ. ಈ ಕೃತಿಯಲ್ಲಿ ಸೂತ್ರ ಅಲ್ಲಲ್ಲಿ ಸಡಿಲವಾಗಿದೆ, ಎಲ್ಲಿಯೂ ಹರಿದಿಲ್ಲ. ಸಹೃದಯರು ಸಾವಧಾನವಾಗಿ ಕೇಳತಕ್ಕ ಕೃತಿಯಿದು.