ಜ್ಯೂರಿ ಸಿಕ್ಕಿದ್ದ ಅಭ್ಯರ್ಥಿ

ಮತದಾನಕ್ಕೆ ಒಂದು ವಾರ ಉಳಿದಿತ್ತು. ಚಿಕ್ಕ ಹುಡುಗಿಯರಿಗೆ ಕೇಡು ಮಾಡಿದವರು ಹೋಗಬೇಕಾದ್ದು ಜೈಲಿಗೆ, ಸೆನೆಟ್‌ಗಲ್ಲ, ಆ ಕೆಲಸದಲ್ಲಿ ನನ್ನ ಪಾಲಿನದನ್ನು ಮಾಡಿದ್ದೇನೆ ಎಂದರು ಡೆಮಾಕ್ರಟ್ ಅಭ್ಯರ್ಥಿ ಡಗ್ ಜೋನ್ಸ್. ಅಮೆರಿಕದ ಸೆನೆಟ್‌ಗೆ 2017ರಲ್ಲಿ ನಡೆದ ಅಲಬಾಮಾ ಉಪಚುನಾವಣೆಯಲ್ಲಿ ಅವರ ಇಡೀ ಪ್ರಚಾರ ಈ ಒಂದು ಮಾತಿನಲ್ಲಿತ್ತು. ಒಂದೇ ಏಟಿಗೆ ಎರಡು ಮೊಕದ್ದಮೆ.

ಮೊದಲನೆಯದು ಹಳೆಯದು. 1963ರ ಸೆಪ್ಟೆಂಬರ್ 15ರ ಭಾನುವಾರ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನ ಹದಿನಾರನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಬಿಳಿಯ ಜನಾಂಗವಾದಿ ಗುಂಪು ಕು ಕ್ಲಕ್ಸ್ ಕ್ಲಾನ್‌ನವರು ಇಟ್ಟ ಬಾಂಬಿಗೆ ನಾಲ್ವರು ಕಪ್ಪು ಹುಡುಗಿಯರು ಬಲಿಯಾದರು. 1977ರಲ್ಲಿ ಮೊದಲ ಆರೋಪಿಯ ವಿಚಾರಣೆ ನಡೆದಾಗ ಕಾನೂನು ವಿದ್ಯಾರ್ಥಿ ಜೋನ್ಸ್ ಕ್ಲಾಸಿಗೆ ಚಕ್ಕರ್ ಹೊಡೆದು ಕೋರ್ಟಿನಲ್ಲಿ ಹೋಗಿ ಕೂರುತ್ತಿದ್ದರು. ಆರೋಪಿಗಳಲ್ಲಿ ಇನ್ನೂ ಬದುಕಿದ್ದ ಇಬ್ಬರನ್ನು ಕೊನೆಗೆ ಸರ್ಕಾರಿ ಪ್ರಾಸಿಕ್ಯೂಟರ್ ಆಗಿ ಜೈಲಿಗೆ ಕಳಿಸಿದವರೂ ಅವರೇ: 2001ರಲ್ಲಿ ಥಾಮಸ್ ಬ್ಲಾಂಟನ್, ಮರುವರ್ಷ ಬಾಬಿ ಫ್ರಾಂಕ್ ಚೆರ್ರಿ. ಬ್ಲಾಂಟನ್ ಅಡುಗೆಮನೆಯಲ್ಲಿ ಮೈಕ್ ಬಚ್ಚಿಟ್ಟು ಎಫ್‌ಬಿಐ ಧ್ವನಿಮುದ್ರಿಸಿಕೊಂಡಿದ್ದ ಟೇಪು, ಅವನು ಹೆಂಡತಿಯ ಜೊತೆ ಬಾಂಬಿನ ಮಾತಾಡುವ ಟೇಪು, ದಶಕಗಟ್ಟಲೆ ಕಡತಗಳಲ್ಲೇ ಬಿದ್ದಿತ್ತು. ಅದನ್ನು ಜ್ಯೂರಿಯ ಕಿವಿಗೆ ಮುಟ್ಟಿಸಿದ್ದೇ ಜೋನ್ಸ್ ಮಾಡಿದ ದೊಡ್ಡ ಕೆಲಸ.

ಇಷ್ಟಿದ್ದರೂ ರಿಪಬ್ಲಿಕನ್ನರ ಆ ಕೋಟೆಯಲ್ಲಿ ಡೆಮಾಕ್ರಟ್ ಒಬ್ಬರು ಗೆಲ್ಲುವುದು ಕನಸಿನ ಮಾತಾಗಿತ್ತು. ಎರಡನೆಯ ಮೊಕದ್ದಮೆ ಹುಟ್ಟಿದ್ದು ಆಗಲೇ. ನವೆಂಬರ್‌ನಲ್ಲಿ ರಿಪಬ್ಲಿಕನ್ ಎದುರಾಳಿ ರಾಯ್ ಮೂರ್ ಮೇಲೆ ವಾಷಿಂಗ್ಟನ್ ಪೋಸ್ಟ್ ವರದಿ ಬಂತು: ಮೂವತ್ತು ದಾಟಿದ್ದ ಕಾಲದಲ್ಲಿ ಹದಿಹರೆಯದ ಹುಡುಗಿಯರ ಬೆನ್ನು ಬಿದ್ದಿದ್ದರೆಂಬ ಆರೋಪ. ಮೂರ್ ಅಲ್ಲಗಳೆದರು. ಆರೋಪದ ಆ ದಿನಗಳಲ್ಲಿ ಮೂರ್ ಕೂಡ ಒಬ್ಬ ಸರ್ಕಾರಿ ಪ್ರಾಸಿಕ್ಯೂಟರ್! ಈ ವ್ಯಂಗ್ಯವನ್ನು ಜೋನ್ಸ್ ತಂಡ ಯಾಕೆ ಇನ್ನಷ್ಟು ಹಿಂಡಲಿಲ್ಲವೋ ನನಗಂತೂ ಅರ್ಥವಾಗಿಲ್ಲ.

ಹಿಂಡಿದ್ದು ಬೇರೆಯದನ್ನು. ಆರೋಪಿಸಿದ ಹೆಂಗಸರ ಅಂದಿನ ಎಳೆಯ ಮುಖಗಳ ಫೋಟೊಗಳನ್ನು ಒಂದೊಂದಾಗಿ ತೋರಿಸಿ, ಹೆಸರು ಓದಿ, ಇವರನ್ನು ಕಾಡಿದವನನ್ನು ಸೆನೆಟರ್ ಮಾಡುತ್ತೀರಾ ಎಂದು ಕೇಳುವ ಜಾಹೀರಾತೊಂದಿತ್ತು. ಅದು ಪಕ್ಕಾ ಕೋರ್ಟಿನ ಅಂತಿಮ ವಾದ. ಸಾಕ್ಷಿಗಳನ್ನು ಮುಂದೆ ನಿಲ್ಲಿಸಿ ವಕೀಲ ಹಿಂದೆ ಸರಿಯುತ್ತಾನೆ, ತೀರ್ಪು ಕೇಳುಗರದು. ಇಡೀ ಪ್ರಚಾರದಲ್ಲಿ ಇಷ್ಟು ಬಿಗಿಯಾದದ್ದು ಇನ್ನೊಂದಿಲ್ಲ.

ಉಳಿದ ಕಡೆ ಕೈ ತಡವರಿಸಿತು. ಇನ್ನೊಂದು ಜಾಹೀರಾತಿನಲ್ಲಿ ಜೋನ್ಸ್ ಅಮೆರಿಕದ ಅಂತರ್ಯುದ್ಧದ ಕಾಲದ, 1863ರ ಗೆಟಿಸ್‌ಬರ್ಗ್ ಕದನದಲ್ಲಿ ಎದುರುಬದುರಾದ ಅಲಬಾಮಾದ ಕರ್ನಲ್ ಓಟ್ಸ್, ಮೇಯ್ನ್‌ನ ಕರ್ನಲ್ ಚೇಂಬರ್ಲೇನ್ ಇಬ್ಬರ ಕತೆ ಹೇಳಿ ಹೊಂದಾಣಿಕೆಯ ಪಾಠ ಮಾಡಿದರು. ಕ್ಲಾನ್‌ನವರನ್ನು ಕಟಕಟೆಗೆ ಎಳೆದವನ ಬಾಯಲ್ಲಿ ಗುಲಾಮಗಿರಿಯ ಪರ ಕಾದಾಡಿದ ಸೇನೆಯ ಅಧಿಕಾರಿಗೂ ಸರಿಸಮ ಗೌರವ! ಜಾಹೀರಾತು ಹೀಗಿದ್ದರೆ, ಕಪ್ಪು ಮತದಾರರಿಗೆ ಹೋದದ್ದು ಬೇರೊಂದು ಕರಪತ್ರ: ಹೈಸ್ಕೂಲು ಹುಡುಗಿಯರ ಬೆನ್ನು ಬಿದ್ದವನು ಕರಿಯನಾಗಿದ್ದರೆ ಅವನನ್ನು ಸೆನೆಟರ್ ಮಾಡುತ್ತಿದ್ದರೇ ಎಂಬ ಪ್ರಶ್ನೆ. ಪ್ರಶ್ನೆ ನಿಜವೇ. ಆದರೆ ಆ ಧಾಟಿಗೆ ಹಲವರು ಮುಖ ಸಿಂಡರಿಸಿದರು, ತಪ್ಪೇನಿಲ್ಲ. ನಾಲ್ವರು ಮಕ್ಕಳಿಗೆ ನ್ಯಾಯ ಕೊಡಿಸಿದವನಿಗೆ ಅವರ ಜನರೊಡನೆ ಮಾತಾಡಲು ಇಂಥ ಚೀಟಿ ಬೇಕಿತ್ತೇ?

ಡಿಸೆಂಬರ್ 12ರಂದು ಗೆದ್ದದ್ದು 22 ಸಾವಿರಕ್ಕೂ ಒಂದಿಷ್ಟು ಕಡಿಮೆ ಮತಗಳಿಂದ. ಇಬ್ಬರೂ ಬೇಡವೆಂದು ಮತಪತ್ರದಲ್ಲಿ ಬೇರೆ ಹೆಸರು ಬರೆದವರೇ ಅದಕ್ಕಿಂತ ಹೆಚ್ಚು. ಕಪ್ಪು ಮತದಾರರಲ್ಲಿ ನೂರಕ್ಕೆ ಸುಮಾರು 96 ಮಂದಿ ಜೋನ್ಸ್ ಕಡೆಗಿದ್ದರೆಂದು ಮತಗಟ್ಟೆ ಸಮೀಕ್ಷೆ ಹೇಳಿತು. ಗೆಲುವಿನ ಲೆಕ್ಕ ಅಲ್ಲಿದೆ, ಕರ್ನಲ್‌ಗಳ ಕತೆಯಲ್ಲಲ್ಲ.

2020ರಲ್ಲಿ ಜೋನ್ಸ್ ಮತ್ತೆ ಸೆನೆಟ್‌ಗೆ ನಿಂತಾಗ ಎದುರಿಗಿದ್ದವರು ಟಾಮಿ ಟ್ಯೂಬರ್ವಿಲ್, ಆಬರ್ನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್ ಆಗಿದ್ದವರು. ಜೋನ್ಸ್‌ರ ಮೊಕದ್ದಮೆ ಅದೇ, ದನಿ ಅದೇ. ಸುಮಾರು ಇಪ್ಪತ್ತು ಶೇಕಡಾ ಅಂಕಗಳಿಂದ ಸೋತರು. ಈ ಸಲ ಆರೋಪಿಯೇ ಇರಲಿಲ್ಲ. ಟ್ಯೂಬರ್ವಿಲ್ ಒಂದು ಬಹಿರಂಗ ಚರ್ಚೆಗೂ ಬಾರದೆ ಗೆದ್ದುಬಿಟ್ಟರು.