ಡಿಲನ್ ಹಾಡು ಕೆಡಿಸಿದನೇ? ಲೈವ್ ಆಲ್ಬಂ ರಸಿಕರಿಗೊಂದು ಕೈಪಿಡಿ

ಲೈವ್ ಆಲ್ಬಂ ಕೇಳುವ ರುಚಿ ಹತ್ತಿಸಿಕೊಳ್ಳಬೇಕೆನ್ನುವವರು ಮೊದಲು ಕೇಳುವ ಪ್ರಶ್ನೆ, ಎಲ್ಲಕ್ಕಿಂತ ಒಳ್ಳೆಯದು ಯಾವುದು ಎಂದು. 'ದ ಹೂ' ತಂಡದ 'ಲೈವ್ ಅಟ್ ಲೀಡ್ಸ್' (1970), ಆಲ್‌ಮನ್ ಬ್ರದರ್ಸ್ ಅವರ 'ಅಟ್ ಫಿಲ್ಮೋರ್ ಈಸ್ಟ್' (1971) ಎಂದು ಯಾರಾದರೂ ಹೇಳಿಯಾರು. ತಪ್ಪೇನಿಲ್ಲ. ಆದರೆ ಎಲ್ಲರೂ ಹೊಗಳಿದ್ದನ್ನು ಕೇಳುವಾಗ ನಾವೂ ತಲೆದೂಗಿ ಸುಮ್ಮನಾಗುತ್ತೇವೆ, ಕಿವಿ ಕಲಿಯುವುದು ಕಡಿಮೆ. ಕಲಿಯುವ ಆಸೆಯಿದ್ದರೆ ಕೇಳುಗರು ಕಿತ್ತಾಡಿದ ಆಲ್ಬಂ ಒಂದನ್ನು ಎತ್ತಿಕೊಳ್ಳಿ. ರಾಕ್‌ನಲ್ಲಿ ಅಂಥ ಜಗಳಗಳಿಗೆ ಬರವಿಲ್ಲ. ನನ್ನ ಆಯ್ಕೆ 'ಬಾಬ್ ಡಿಲನ್ ಅಟ್ ಬುಡೋಕಾನ್'.

1978ರ ಫೆಬ್ರವರಿಯಲ್ಲಿ ಡಿಲನ್ ಮೊದಲ ಸಲ ಜಪಾನಿಗೆ ಹಾಡಲು ಹೋದ. ವಯಸ್ಸು 36. ಟೋಕಿಯೋದ ಬುಡೋಕಾನ್, 1964ರ ಒಲಿಂಪಿಕ್ಸ್‌ನ ಜೂಡೋ ಸ್ಪರ್ಧೆಗೆಂದು ಕಟ್ಟಿದ ಅಖಾಡ. 1966ರಲ್ಲಿ ಬೀಟಲ್ಸ್ ಅಲ್ಲಿಗೆ ಬಂದಾಗ ಸಮರಕಲೆಗಳ ಜಾಗ ಮೈಲಿಗೆಯಾಗುತ್ತದೆಂದು ಪ್ರತಿಭಟನೆಯೇ ನಡೆದಿತ್ತು. ಡಿಲನ್ ಬರುವ ಹೊತ್ತಿಗೆ ಅದು ರಾಕ್‌ನವರಿಗೆ ಮಾಮೂಲಿ ವೇದಿಕೆ. ಫೆಬ್ರವರಿ 28 ಮತ್ತು ಮಾರ್ಚ್ 1ರ ಎರಡು ರಾತ್ರಿ ರೆಕಾರ್ಡ್ ಮಾಡಿ, 22 ಹಾಡು ಆರಿಸಿ, ಜೋಡಿ ಎಲ್‌ಪಿಯಾಗಿ ಆ ವರ್ಷ ಜಪಾನಿನಲ್ಲಷ್ಟೇ ಬಿಟ್ಟರು. ಮರುವರ್ಷ ಅದು ಬೇರೆ ದೇಶಗಳಿಗೂ ಬಂತು. ಗಲಾಟೆ ಶುರುವಾದದ್ದು ಆಗ.

ಗಿಟಾರು, ಮೌತ್ ಆರ್ಗನ್ ಹಿಡಿದು ಒಂಟಿಯಾಗಿ ನಿಲ್ಲುತ್ತಿದ್ದವನ ಬೆನ್ನಿಗೆ ಈಗ ದೊಡ್ಡ ಮೇಳ. ಸ್ಟೀವ್ ಡಗ್ಲಸ್‌ನ ಸ್ಯಾಕ್ಸೊಫೋನು ಮತ್ತು ಕೊಳಲು, ಡೇವಿಡ್ ಮ್ಯಾನ್ಸ್‌ಫೀಲ್ಡ್‌ನ ಪಿಟೀಲು, ಒಂದು ಕಾಲಕ್ಕೆ ಕಿಂಗ್ ಕ್ರಿಮ್ಸನ್ ತಂಡದಲ್ಲಿದ್ದ ಇಯಾನ್ ವಾಲೇಸ್‌ನ ಡ್ರಮ್ಸ್, ಹಿಮ್ಮೇಳಕ್ಕೆ ಮೂವರು ಗಾಯಕಿಯರು. 'ಡೋಂಟ್ ಥಿಂಕ್ ಟ್ವೈಸ್' ರೆಗೆ ಲಯಕ್ಕೆ ಕುಣಿಯಿತು. 'ಮಿಸ್ಟರ್ ಟ್ಯಾಂಬರೀನ್ ಮ್ಯಾನ್' ಕೊಳಲಿನಿಂದ ತೆರೆದುಕೊಂಡಿತು. 'ಇಟ್ಸ್ ಆಲ್‌ರೈಟ್, ಮಾ' ಎಂಬ ಉಸಿರುಗಟ್ಟಿಸುವ ಒಂಟಿ ಹಾಡಿಗೆ ಇಡೀ ಬ್ಯಾಂಡು ಬೆನ್ನು ಹತ್ತಿತು. ಪಾಶ್ಚಾತ್ಯ ವಿಮರ್ಶಕರಲ್ಲಿ ಬಹುತೇಕರು ಮೂಗು ಮುರಿದರು: ಇದು ಲಾಸ್ ವೇಗಸ್ ಜೂಜುಕಟ್ಟೆಯ ಮನರಂಜನೆ, ಡಿಲನ್ ತನ್ನ ಹಾಡುಗಳನ್ನು ತಾನೇ ಕೆಡಿಸಿದ. ಆ ಸಂಶಯಕ್ಕೆ ಕಾರಣವೂ ಇತ್ತು. ಎಲ್ವಿಸ್ ಪ್ರೀಸ್ಲಿ ತೀರಿಕೊಂಡು ಇನ್ನೂ ಎರಡು ವರ್ಷ ಆಗಿರಲಿಲ್ಲ, ಅವನ ಕೊನೆಯ ವರ್ಷಗಳ ವೇಗಸ್ ವೈಭವ ಎಲ್ಲರ ಕಣ್ಣಲ್ಲಿತ್ತು. ಡಿಲನ್‌ನ ಆಗಿನ ಮ್ಯಾನೇಜರ್ ಜೆರಿ ವೈನ್‌ಟ್ರಾಬ್ ಹಿಂದೆ ಎಲ್ವಿಸ್‌ನ ಪ್ರವಾಸಗಳನ್ನು ನಡೆಸಿದವನೇ. ಇಷ್ಟು ಗೊತ್ತಿದ್ದ ಕಿವಿಗೆ ಸ್ಯಾಕ್ಸೊಫೋನ್ ಕೇಳಿಸಿದರೆ ಮುಗಿಯಿತು. ಆ ಗದ್ದಲದಲ್ಲೂ 'ರೋಲಿಂಗ್ ಸ್ಟೋನ್' ಪತ್ರಿಕೆಯಲ್ಲಿ ಜ್ಯಾನೆಟ್ ಮ್ಯಾಸ್ಲಿನ್ ಆಲ್ಬಂ ಪರವಾಗಿ ಬರೆದರು ಎಂಬುದನ್ನು ಮರೆಯಬಾರದು.

ನಮ್ಮ ಸಂಗೀತ ಕಛೇರಿಗಳಲ್ಲಿ ಪಳಗಿದ ಕಿವಿಗೆ ಈ ಜಗಳ ತುಸು ವಿಚಿತ್ರ ಅನ್ನಿಸಬಹುದು. ಒಂದು ಕೃತಿಯ ಅಸಲಿ ರೆಕಾರ್ಡು ಯಾವುದು ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಕಳೆದ ಸಲದಂತೆಯೇ ಈ ಸಲವೂ ಹಾಡಿದರೆ ವಿದ್ವಾಂಸರ ಮನೋಧರ್ಮ ಬತ್ತಿತೇ ಎಂದು ಅನುಮಾನಿಸುತ್ತೇವೆ. ರಾಕ್ ಕೇಳುಗನ ಸ್ಥಿತಿ ತಿರುಗುಮುರುಗು. ಅವನಿಗೆ ಹಾಡು ಎಂದರೆ ಮೊದಲು ಸ್ಟುಡಿಯೋ ರೆಕಾರ್ಡು. ಹರೆಯದಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ನೂರಾರು ಸಲ ಕೇಳಿದ್ದಾನೆ. ಗಿಟಾರಿನ ಯಾವ ತಂತಿ ಎಲ್ಲಿ ಮಿಡಿಯುತ್ತದೆ, ಗಾಯಕ ಎಲ್ಲಿ ಉಸಿರೆಳೆದುಕೊಳ್ಳುತ್ತಾನೆ ಎಲ್ಲ ಬಾಯಿಪಾಠ. ಕಛೇರಿಗೆ ಹೋಗುವುದು ಅದನ್ನೇ ಜೀವಂತವಾಗಿ ಕಾಣಲು. ಹಾಗೆ ಹೋದವನ ಮುಂದೆ ಬೇರೆಯೇ ಹಾಡು ಬಂದು ನಿಂತರೆ ಮೋಸ ಹೋದ ಭಾವ. ಇನ್ನೊಂದು ಬಗೆಯ ಕೇಳುಗನಿದ್ದಾನೆ. ರೆಕಾರ್ಡು ಮನೆಯಲ್ಲೇ ಇದೆಯಲ್ಲ, ಅದನ್ನೇ ಮತ್ತೆ ಕೇಳಲು ದುಡ್ಡು ಯಾಕೆ ಕೊಡಬೇಕು ಎನ್ನುವವನು. ಲೈವ್ ಆಲ್ಬಂ ಬಗ್ಗೆ ಏನೇ ಅಭಿಪ್ರಾಯ ಕಿವಿಗೆ ಬಿದ್ದರೂ ಹೇಳುತ್ತಿರುವವನು ಇವರಿಬ್ಬರಲ್ಲಿ ಯಾರು ಎಂದು ಮೊದಲು ಗುರುತಿಸಿ. ಅರ್ಧ ಜಗಳ ಅಲ್ಲೇ ಬಗೆಹರಿಯುತ್ತದೆ.

ಹಾಗೆಂದು ಕಛೇರಿಯ ರಸಿಕನಿಗೆ ಡಿಲನ್ ಸುಲಭದ ತುತ್ತು ಅಂದುಕೊಳ್ಳಬೇಡಿ. ನಮ್ಮಲ್ಲಿ ಎಷ್ಟು ಬೆಳೆಸಿದರೂ ರಾಗದ ಚೌಕಟ್ಟು ಕೈಬಿಡುವುದಿಲ್ಲ, ಪಲ್ಲವಿ ಗುರುತು ಸಿಗುತ್ತದೆ. ಡಿಲನ್ ಧಾಟಿಯನ್ನೇ ಕಳಚಿಟ್ಟು ಬರುತ್ತಾನೆ, ಲಯ ಬದಲಿಸುತ್ತಾನೆ, ಒಮ್ಮೊಮ್ಮೆ ಸಾಹಿತ್ಯವನ್ನೂ ತಿದ್ದುತ್ತಾನೆ. ಬುಡೋಕಾನ್‌ನ 'ಗೋಯಿಂಗ್, ಗೋಯಿಂಗ್, ಗಾನ್' ಹಾಡಿನ ಮಾತುಗಳು 1974ರ ರೆಕಾರ್ಡಿನವಲ್ಲ. ಇಂದಿಗೂ ಅವನ ಕಛೇರಿಗೆ ಹೋದವರು ಎರಡನೇ ಚರಣ ಬರುವ ತನಕ ಇದು ಯಾವ ಹಾಡು ಎಂದು ಅಕ್ಕಪಕ್ಕದವರ ಮುಖ ನೋಡುವುದುಂಟು.

ಇನ್ನು ಕೇಳುವ ಕ್ರಮ. 22 ಹಾಡನ್ನೂ ಒಂದೇ ಉಸಿರಿಗೆ ಕೇಳಬೇಡಿ, ದಣಿವಾಗುತ್ತದೆ. 'ಐ ವಾಂಟ್ ಯು' ಒಂದನ್ನೇ ತೆಗೆದುಕೊಳ್ಳಿ. 1966ರ 'ಬ್ಲಾಂಡ್ ಆನ್ ಬ್ಲಾಂಡ್' ಆಲ್ಬಂನಲ್ಲಿ ಅದು ಪುಟಿಯುವ ಹಾಡು. ಗಿಟಾರಿನ ಎಳೆ ಓಡುತ್ತಿರುತ್ತದೆ, ಮಾತುಗಳು ಒಂದರ ಮೇಲೊಂದು ಬೀಳುತ್ತವೆ, ಬಯಕೆ ಅಲ್ಲಿ ಆಟ. ಅದನ್ನು ಎರಡು ಸಲ ಕೇಳಿ ಬಿಟ್ಟುಬಿಡಿ. ಬುಡೋಕಾನ್‌ನದನ್ನು ಮರುದಿನ ಹಾಕಿ. ಲಯ ನಿಂತೇ ಹೋದಷ್ಟು ನಿಧಾನ. ಅದೇ ಸಾಲು, ಅದೇ ಬೇಡಿಕೆ, ಆದರೆ ಕೊಡುವವರು ಯಾರೂ ಇಲ್ಲ ಎಂದು ಗೊತ್ತಾದವನ ದನಿ. ಯಾವುದು ಚೆನ್ನ ಎಂದು ಕೇಳಿಕೊಳ್ಳಬೇಡಿ. ಓಟದಲ್ಲಿ ಕಿವಿಗೆ ಬೀಳದೆ ಜಾರಿದ ಯಾವ ಮಾತು ಈಗ ಬಿತ್ತು ಎಂದು ಕೇಳಿಕೊಳ್ಳಿ. ಹಿಂದಿನ ವರ್ಷವಷ್ಟೇ ಡಿಲನ್‌ಗೆ ವಿಚ್ಛೇದನವಾಗಿತ್ತು. ಹಾಡಿನ ದುಃಖಕ್ಕೆ ಅದೇ ಕಾರಣ ಎನ್ನುವವರಿದ್ದಾರೆ. ಬದುಕಿನಿಂದ ನೇರವಾಗಿ ಹಾಡಿಗೆ ಗೆರೆ ಎಳೆಯುವ ಈ ಚಾಳಿ ನನಗೆ ಹಿಡಿಸುವುದಿಲ್ಲ. ಲಯ ಇಳಿಸಿದ್ದರಿಂದ ಏನಾಯಿತು ಎಂಬುದು ಕಿವಿಗೇ ಗೊತ್ತಾಗುತ್ತಿರುವಾಗ ಅವನ ಮನೆಯೊಳಗೆ ಇಣುಕುವುದೇಕೆ?

ಎಲ್ಲ ಬದಲಾವಣೆಗೂ ಹೀಗೆ ಫಲ ಸಿಕ್ಕಿಲ್ಲ. 'ಟ್ಯಾಂಬರೀನ್ ಮ್ಯಾನ್'ನ ಕೊಳಲು ನನಗೆ ಇಂದಿಗೂ ಒಗ್ಗಿಲ್ಲ. ಒಂದೊಂದು ಸಾಲಿನ ಕೊನೆಗೂ ಬಂದು ಶಹಬ್ಬಾಸ್ ಹೇಳಿದಂತಿದೆ. ರೆಗೆಯಾದ 'ಡೋಂಟ್ ಥಿಂಕ್ ಟ್ವೈಸ್' ಮೊದಲು ನಗು ತರಿಸುತ್ತದೆ. ನಗು ಇಳಿದ ಮೇಲೆ ಕೇಳಿ ನೋಡಿ. 1963ರ ರೆಕಾರ್ಡಿನಲ್ಲಿ ಬೆರಳುಗಳ ಸೂಕ್ಷ್ಮ ಮೀಟಿನ ಹಿಂದೆ ಅಡಗಿದ್ದ ಕೊಂಕು ಇಲ್ಲಿ ಬಯಲಿಗೆ ಬಂದಿದೆ. ಬಿಟ್ಟು ಹೋಗುವವನು ಹೆಜ್ಜೆ ಹಾಕುತ್ತಲೇ ಹೋಗುತ್ತಿದ್ದಾನೆ.

ಹಾಡಿನಷ್ಟೇ ಸಭಾಂಗಣವನ್ನೂ ಕೇಳಬೇಕು. ಬುಡೋಕಾನ್‌ನ ಸಭಿಕರು ಹಾಡು ಮುಗಿಯುವವರೆಗೆ ಮೌನ, ಮುಗಿದ ಮೇಲೆ ಚಪ್ಪಾಳೆ. ಇದಕ್ಕೆ ತೀರ ವಿರುದ್ಧವಾದ ಸಭೆ ಬೇಕಿದ್ದರೆ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ಗೆ, 1966ರ ಮೇ 17ಕ್ಕೆ ಹೋಗಬೇಕು. ಜಾಗ, ಹ್ಯಾಲೆ ಆರ್ಕೆಸ್ಟ್ರಾದ ತವರಾಗಿದ್ದ ಫ್ರೀ ಟ್ರೇಡ್ ಹಾಲ್. ಮೊದಲರ್ಧ ಡಿಲನ್ ಒಬ್ಬನೇ. ಸಭೆ ಕಣ್ಮುಚ್ಚಿ ಕೇಳಿತು. ಎರಡನೇ ಅರ್ಧಕ್ಕೆ ಹಾಕ್ಸ್ ತಂಡದೊಂದಿಗೆ ಎಲೆಕ್ಟ್ರಿಕ್ ಗಿಟಾರ್ ಹೆಗಲೇರಿಸಿ ಬಂದ. ಜನಪದ ಹಾಡುಗಾರ ಪಾಪ್ ಬಜಾರಿಗೆ ಮಾರಿಕೊಂಡ ಎಂಬ ಸಿಟ್ಟು ಆಗಲೇ ಊರೂರು ತಿರುಗುತ್ತಿತ್ತು. ಹಾಡುಗಳ ನಡುವೆ ಬೇಕೆಂದೇ ತಾಳ ಕೆಡಿಸುವ ನಿಧಾನದ ಚಪ್ಪಾಳೆ. ಕೊನೆಯ ಹಾಡಿಗೆ ಮುನ್ನ ಸಭೆಯಿಂದ ಒಬ್ಬ 'ಜೂಡಾಸ್' ಎಂದು ಕೂಗಿದ, ಏಸುವನ್ನು ಹಿಡಿದುಕೊಟ್ಟ ಶಿಷ್ಯನ ಹೆಸರು. ನಿನ್ನನ್ನು ನಂಬುವುದಿಲ್ಲ, ನೀನು ಸುಳ್ಳುಗಾರ ಎಂದ ಡಿಲನ್, ಜೋರಾಗಿ ಬಾರಿಸಲು ತಂಡಕ್ಕೆ ಹೇಳಿ 'ಲೈಕ್ ಎ ರೋಲಿಂಗ್ ಸ್ಟೋನ್' ಶುರು ಮಾಡಿದ. ಕೇಳುಗನ ಅಭಿಪ್ರಾಯ ಆಲ್ಬಂನ ಒಳಗೇ ಕೂತಿರುವ ಉದಾಹರಣೆ ಇದಕ್ಕಿಂತ ಬೇರೆ ಸಿಗಲಾರದು. ಈ ಧ್ವನಿಮುದ್ರಿಕೆ ವರ್ಷಗಟ್ಟಲೆ ಕಳ್ಳಪ್ರತಿಗಳಲ್ಲಿ ಓಡಾಡಿತು, ಅದೂ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನದು ಎಂಬ ತಪ್ಪು ಹೆಸರಿನಲ್ಲಿ. 1998ರಲ್ಲಿ ಕೊನೆಗೂ ಅಧಿಕೃತವಾಗಿ ಹೊರಬಂದಾಗ ಹೊಗಳಿಕೆಯ ಮಳೆ.

ಹಾಗಾದರೆ ಅಂದು ಕೂಗಿದವರು ಪೆದ್ದರೇ? ಇಲ್ಲೊಂದು ತಾಂತ್ರಿಕ ಸಂಗತಿಯನ್ನು ಗಮನಿಸಬೇಕು. 1966ರಲ್ಲಿ ಇಂಥ ಸಭಾಂಗಣಗಳಿಗೆ ಎಲೆಕ್ಟ್ರಿಕ್ ಬ್ಯಾಂಡಿನ ಅಬ್ಬರವನ್ನು ತೂಗಿಸುವ ಧ್ವನಿವರ್ಧಕ ವ್ಯವಸ್ಥೆ ಇರಲಿಲ್ಲ. ಹಾಡಿನ ಸಾಹಿತ್ಯಕ್ಕಾಗಿಯೇ ಬಂದಿದ್ದ ಜನ. ಸದ್ದಿನಲ್ಲಿ ಮಾತೇ ಕೇಳಿಸಲಿಲ್ಲ ಎಂಬುದು ಅವರಲ್ಲಿ ಹಲವರ ದೂರು. ನಮಗೆ ಕೇಳಿಸುವುದು ಮೈಕುಗಳಿಂದ ನೇರ ಟೇಪಿಗೆ ಇಳಿದು, ಆಮೇಲೆ ಹದಗೊಂಡ ಸದ್ದು. ಒಂದೊಂದು ಅಕ್ಷರವೂ ಸ್ಪಷ್ಟ. ಅವರು ತೆಗಳಿದ್ದು ಬೇರೆ, ನಾವು ಹೊಗಳುತ್ತಿರುವುದು ಬೇರೆ. 'ನಾನು ಅಲ್ಲಿದ್ದೆ' ಎಂದು ಯಾರಾದರೂ ಹೇಳಿದಾಗ ಅವರು ಆಲ್ಬಂ ಬಗ್ಗೆ ಮಾತಾಡುತ್ತಿಲ್ಲ, ತಾವು ಕೂತಿದ್ದ ಕುರ್ಚಿಯ ಬಗ್ಗೆ ಮಾತಾಡುತ್ತಿದ್ದಾರೆ.

ಲೈವ್ ಎಂದು ಬರೆದ ಮಾತ್ರಕ್ಕೆ ಎಲ್ಲವೂ ಆ ರಾತ್ರಿಯದೇ ಎಂದು ನಂಬುವಂತೆಯೂ ಇಲ್ಲ. ಜಾನಿ ಕ್ಯಾಷ್ 1968ರ ಜನವರಿಯಲ್ಲಿ ಫಾಲ್ಸಮ್ ಜೈಲಿನಲ್ಲಿ ಕೈದಿಗಳ ಮುಂದೆ ಹಾಡಿದ ಪ್ರಸಿದ್ಧ ಆಲ್ಬಂನಲ್ಲಿ, ಕೊಲೆಯ ಸಾಲು ಬಂದಾಗ ಹುಯಿಲೇಳುತ್ತದಲ್ಲ, ಅದು ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ್ದು. ಥಿನ್ ಲಿಜ್ಜಿ ತಂಡದ 'ಲೈವ್ ಅಂಡ್ ಡೇಂಜರಸ್' (1978) ಬಹುಪಾಲು ಸ್ಟುಡಿಯೋದಲ್ಲೇ ತಿದ್ದಿದ್ದು ಎಂದು ನಿರ್ಮಾಪಕ ಟೋನಿ ವಿಸ್ಕಾಂಟಿ ಹೇಳಿದ, ತಂಡದವರು ಒಪ್ಪಲಿಲ್ಲ. ಬೆಂಗಳೂರಿನ ಹಳೆಯ ರಾಕ್ ಪ್ರಿಯರಿಗೆ ಕಂಠಪಾಠವಾಗಿರುವ ಡೀಪ್ ಪರ್ಪಲ್‌ನ 'ಮೇಡ್ ಇನ್ ಜಪಾನ್' ಅಂಥ ತೇಪೆಯಿಲ್ಲದ್ದು ಎಂಬ ಖ್ಯಾತಿಯದು. ಅದೂ 1972ರಲ್ಲಿ ಜಪಾನಿಗಾಗಿ ಮಾತ್ರ ಎಂದು ರೆಕಾರ್ಡಾಗಿ ಆಮೇಲೆ ಜಗತ್ತಿಗೆ ಹಬ್ಬಿದ್ದು, ಅದರಲ್ಲೂ ಬುಡೋಕಾನ್‌ನ ಒಂದು ರಾತ್ರಿಯಿದೆ. ಆ ಅಖಾಡಕ್ಕೆ ಏನೋ ಗ್ರಹಗತಿ ಇರಬೇಕು.

ಕೇಳುಗರ ಅಭಿಪ್ರಾಯಗಳಲ್ಲಿ ಕೆಲವನ್ನು ಕಣ್ಣುಮುಚ್ಚಿ ಪಕ್ಕಕ್ಕಿಡಬಹುದು. ಆ ಹಾಡಿಲ್ಲ, ಈ ಹಾಡಿಲ್ಲ ಎಂಬ ಪಟ್ಟಿ ಅಂಥದ್ದು; ಇಲ್ಲದ ಹಾಡಿನಿಂದ ಇರುವ ಹಾಡಿಗೇನೂ ಆಗುವುದಿಲ್ಲ. ವಯಸ್ಸಾದ ಹಾಡುಗಾರನ ಗಂಟಲು ಹೋಯಿತು ಎಂಬ ದೂರು ಹಾಗಲ್ಲ, ಅದನ್ನು ಕೇಳಿಸಿಕೊಳ್ಳಬೇಕು, ಆದರೆ ಒಂದು ಪ್ರಶ್ನೆ ಸೇರಿಸಿ: ಗಂಟಲು ಹೋದ ಮೇಲೆ ಇವನು ಏನು ಮಾಡಿದ? ಡಿಲನ್‌ನ ಗಂಟಲಿನ ಬಗ್ಗೆ ದೂರು ಅವನ ಮೊದಲ ಆಲ್ಬಂನಿಂದಲೂ ಇದೆ. 1988ರ ಜೂನ್‌ನಲ್ಲಿ ಶುರುವಾಗಿ ವರ್ಷಕ್ಕೆ ಹತ್ತಾರು ಊರು ಸುತ್ತಿದ ಅವನ ಪ್ರವಾಸದಲ್ಲಿ ದನಿ ಒರಟಾಗುತ್ತ ಹೋಯಿತು. ಅದಕ್ಕೆ ತಕ್ಕಂತೆ ಎತ್ತರದ ಸ್ವರಗಳನ್ನು ಬಿಟ್ಟು, ಸಾಲುಗಳನ್ನು ಮುರಿದು, ಮಾತಿನ ಹತ್ತಿರಕ್ಕೆ ತಂದುಕೊಂಡ. ಧಾಟಿ ಬದಲಾಯಿತು ಎಂದು ಗೊಣಗುವವರೇ ಗಂಟಲೂ ಹೋಯಿತು ಎಂದು ಗೊಣಗುತ್ತಾರೆ. ಒಂದು ಇನ್ನೊಂದಕ್ಕೆ ಮದ್ದು ಎಂದು ಅವರಿಗೆ ಹೊಳೆದಂತಿಲ್ಲ.

ಬುಡೋಕಾನ್ ಬಗ್ಗೆ ಹಾಡಿದವನ ಅಭಿಪ್ರಾಯವೇ ಚೆನ್ನಾಗಿರಲಿಲ್ಲ. ಜಪಾನಿಗೊಂದು ಆಲ್ಬಂ ಬೇಕೆಂದು ಒತ್ತಾಯಕ್ಕೆ ಮಾಡಿದ್ದು, ತಂಡ ಆಗಿನ್ನೂ ದಾರಿ ಹುಡುಕುತ್ತಿತ್ತು ಎಂದು ಡಿಲನ್ ಆಮೇಲೆ ಹೇಳಿಕೊಂಡ. ಮಾತಿನಲ್ಲಿ ಹುರುಳಿದೆ: 114 ಕಛೇರಿಗಳ ಆ ಪ್ರವಾಸ ಶುರುವಾದ ಹೊಸತರಲ್ಲೇ ರೆಕಾರ್ಡಿಂಗ್ ನಡೆದಿತ್ತು. ಆದರೆ ಹಾಡುಗಾರನ ಮಾತೂ ಒಂದು ಅಭಿಪ್ರಾಯವೇ ಹೊರತು ತೀರ್ಪಲ್ಲ. 2023ರಲ್ಲಿ, ಡಿಲನ್‌ಗೆ 82 ಆದಾಗ, ಆ ಎರಡೂ ರಾತ್ರಿಗಳು ಪೂರ್ತಿಯಾಗಿ, 58 ಹಾಡುಗಳಾಗಿ ಹೊರಬಂದವು. ಈಗಿನ ಹುಡುಗರಿಗೆ ವೇಗಸ್ ಎಂದರೆ ಎಲ್ವಿಸ್ ನೆನಪಾಗುವುದಿಲ್ಲ. ಅವರ ಕಿವಿಗೆ ಸ್ಯಾಕ್ಸೊಫೋನು ಬರೀ ಸ್ಯಾಕ್ಸೊಫೋನು. ಹಿಂದಿನವರು ತಳ್ಳಿಹಾಕಿದ್ದನ್ನು ಇವರಲ್ಲಿ ಎಷ್ಟೋ ಜನ ಸಲೀಸಾಗಿ ಮೆಚ್ಚುತ್ತಾರೆ. ಅವರ ಮೆಚ್ಚುಗೆ ತುಸು ಅತಿಯೆಂದೇ ನನ್ನ ಎಣಿಕೆ. ಅರ್ಧ ಆಲ್ಬಂ ಸೊಗಸು, ಉಳಿದರ್ಧ ಹೊಸ ಬಟ್ಟೆಯ ಖುಷಿ.

ಇಷ್ಟು ಕೇಳಿ ಹಸಿವು ಉಳಿದಿದ್ದರೆ ಮುಂದೆ 'ಹಾರ್ಡ್ ರೇನ್'ಗೆ ಹೋಗಿ. 1976ರ ಮೇ ತಿಂಗಳು, ಒಂದಷ್ಟು ಭಾಗ ಕೊಲರಾಡೋದ ಫೋರ್ಟ್ ಕಾಲಿನ್ಸ್‌ನಲ್ಲಿ, ಬಯಲಲ್ಲಿ, ಸುರಿಯುವ ಮಳೆಯಲ್ಲಿ ಹಾಡಿದ್ದು. ಗಿಟಾರುಗಳ ಶ್ರುತಿ ಅಲ್ಲಲ್ಲಿ ಕೈಕೊಟ್ಟಿದೆ. ಕೊನೆಯ 'ಈಡಿಯಟ್ ವಿಂಡ್' ಕೇಳುವಾಗ ಆ ಶ್ರುತಿಭಂಗ ಬೇಕೇ ಬೇಕಿತ್ತು ಅನ್ನಿಸುತ್ತದೆ. ಗ್ರೇಟ್‌ಫುಲ್ ಡೆಡ್ ತಂಡದೊಂದಿಗೆ ಮಾಡಿದ 1989ರ 'ಡಿಲನ್ ಅಂಡ್ ದ ಡೆಡ್' ಕೊನೆಗಿರಲಿ. ಅದನ್ನು ಮನಸಾರೆ ಮೆಚ್ಚಿದವರು ನನಗೆ ಇನ್ನೂ ಸಿಕ್ಕಿಲ್ಲ. ನಿಮಗೆ ಹಿಡಿಸಿದರೆ ಯಾವ ಹಾಡು, ಎಷ್ಟನೇ ನಿಮಿಷ ಎಂದು ಗುರುತು ಹಾಕಿಟ್ಟುಕೊಳ್ಳಿ, ವಾದಕ್ಕೆ ಬೇಕಾಗುತ್ತದೆ.