ಸರ್ವಜ್ಞ ಭೂಪನ ‘ಮಾನಸೋಲ್ಲಾಸ’

‘ಮಾನಸೋಲ್ಲಾಸ’ದ ಮಾತು ಬಂದರೆ ನಮಗೆ ಮೊದಲು ನೆನಪಾಗುವುದು ಇಡ್ಲಿ. ಉದ್ದಿನ ಹಿಟ್ಟಿನ ‘ಇಡ್ಡರಿಕಾ’ ಅದರಲ್ಲಿದೆಯೆಂದು ತರಗತಿಯಲ್ಲಿ ಹೇಳಿ ಹುಡುಗರನ್ನು ನಗಿಸಿದ ಅಪರಾಧ ನನ್ನದೂ ಹೌದು. ಗ್ರಂಥವನ್ನು ಮೊದಲಿಂದ ಓದಿದ ಮೇಲೆ, ಅದಕ್ಕೆ ನಾವು ಅನ್ಯಾಯ ಮಾಡಿದ್ದೇವೆಂದು ತೋರಿತು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಇದನ್ನು ಸಂಸ್ಕೃತದಲ್ಲಿ ರಚಿಸಿದ್ದು 1129ರ ಸುಮಾರಿಗೆ. ಐದು ವಿಂಶತಿಗಳು, ಒಟ್ಟು 100 ಅಧ್ಯಾಯ. ರಾಜ್ಯವನ್ನು ಪಡೆಯುವುದಕ್ಕೆ ಒಂದು ವಿಂಶತಿ, ಪಡೆದುದನ್ನು ಸ್ಥಿರಗೊಳಿಸುವುದಕ್ಕೆ ಇನ್ನೊಂದು. ಉಳಿದ ಮೂರೂ ಉಪಭೋಗ, ವಿನೋದ, ಕ್ರೀಡೆಗಳಿಗೆ. ಆಳ್ವಿಕೆಗೆ 40, ಸುಖಕ್ಕೆ 60! ಈ ಲೆಕ್ಕ ಹಿಡಿದು ದೊರೆಯನ್ನು ವಿಲಾಸಿಯೆಂದು ಜರೆಯುವುದು ಸುಲಭ. ಆದರೆ ಸಾಮಂತರ ಕಣ್ಣೆದುರಿನ ಊಟ, ಆನೆಯ ಕಾಳಗ, ಮಲ್ಲಯುದ್ಧ ಎಲ್ಲವೂ ಅಂದು ಅರಸುತನದ ಅಂಗಗಳೇ.

ನನ್ನ ಆಕ್ಷೇಪ ಬೇರೆ. ಬಾಣಸಿಗ, ಮಾವುತ, ಮಲ್ಲ ಇವರ ಕೆಲಸವನ್ನು ಇಷ್ಟು ಹತ್ತಿರದಿಂದ ಕಂಡ ಅರಸನ ಕಣ್ಣು ಮೆಚ್ಚತಕ್ಕದ್ದು. ದೀನರನ್ನೂ ಅನಾಥರನ್ನೂ ಪೋಷಿಸಬೇಕೆಂಬ ವಿಧಿಯೂ ಇಲ್ಲಿದೆ. ಆದರೆ ಆ ಜನ ಎಲ್ಲಿಯೂ ಬಾಯಿ ತೆರೆಯುವುದಿಲ್ಲ. ಇವನ ತಂದೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಇದೇ ಕಲ್ಯಾಣದಲ್ಲಿದ್ದವನು ವಿಜ್ಞಾನೇಶ್ವರ. ಅವನು ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿ, ಪ್ರಜೆಗಳನ್ನು ಕಳ್ಳಕಾಕರಿಂದ ಕಾಯಬೇಕು, ವಿಶೇಷವಾಗಿ ಕಾಯಸ್ಥರಿಂದ ಕಾಯಬೇಕು ಎನ್ನುತ್ತದೆ. ಕಾಯಸ್ಥರೆಂದರೆ ಬರೆಯುವವರು, ಲೆಕ್ಕವಿಡುವವರು. ಅರಸನಿಗೆ ಬೇಕಾದವರು, ಬಲು ಚತುರರು, ಆದ್ದರಿಂದ ತಡೆಯುವುದು ಕಷ್ಟ ಎಂದು ವಿಜ್ಞಾನೇಶ್ವರ ಬಿಡಿಸಿ ಹೇಳುತ್ತಾನೆ. ಪ್ರಜೆಯ ಸಂಕಟ ಶಾಸ್ತ್ರಕ್ಕೆ ಗೊತ್ತಿತ್ತು. ಸಂಕಟಪಟ್ಟವನ ಮಾತೆಲ್ಲಿ?

ಅದು ಕೇಳಿಬಂದದ್ದು ಮುಂದಿನ ತಲೆಮಾರಿನಲ್ಲಿ. ಅದೇ ಊರಿನಲ್ಲಿ, ಕನ್ನಡದಲ್ಲಿ. ಸೋಮೇಶ್ವರ ತೀರಿಕೊಂಡದ್ದು 1138ರ ಸುಮಾರಿಗೆ. ಎರಡು ದಶಕದ ಆಚೀಚೆಗೆ ಕಲ್ಯಾಣ ಸಾಮಂತ ಬಿಜ್ಜಳನ ಕೈಸೇರಿತು. ರಾಜ್ಯವನ್ನು ಸ್ಥಿರಗೊಳಿಸುವ ವಿಂಶತಿ ಅರಸನ ಮಕ್ಕಳ ಕಾಲಕ್ಕೇ ನೆರವಿಗೆ ಬರಲಿಲ್ಲ. ಆ ದಿನಗಳಲ್ಲಿ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ ತಮ್ಮ ಕಾಯಕದ ಹೆಸರಿನೊಡನೆಯೇ ವಚನ ನುಡಿದರು.

ವಚನಗಳ ದಿಟ್ಟತನವನ್ನು ಕುರಿತು ನಾವು ಬಹಳ ಮಾತಾಡುತ್ತೇವೆ. ಅವು ಯಾವ ವೈಭವದ ಪಕ್ಕದಲ್ಲಿ, ಎಂಥ ಮೌನವನ್ನು ಮುರಿದು ಹುಟ್ಟಿದುವೆಂಬುದನ್ನು ತಿಳಿಯಲು ‘ಮಾನಸೋಲ್ಲಾಸ’ವನ್ನೂ ಓದಬೇಕು. ಇನ್ನು ಮುಂದೆ ನನ್ನ ತರಗತಿಯಲ್ಲಿ ಇಡ್ಲಿಯ ಮಾತು ಕೊನೆಗೆ.